ನೋಡದಿದ್ದವರಿಗೆ ಹೇಳುವ ಕಥೆ: ಮನೆಯ ಟಿ.ವಿ., ಮಗುವಿನ ಮರುನಿರೂಪಣೆ ಮತ್ತು ಮಧ್ಯ ಕರ್ನಾಟಕದ ಆಡುನುಡಿ

ಸಾರಾಂಶ

ಟಿ.ವಿ. ಕಾರ್ಯಕ್ರಮಗಳನ್ನು ಮನೆಯಲ್ಲಿ ಮಕ್ಕಳ ಕಲಿಕೆಗೆ ಬಳಸುವ ಬಗೆಗಿನ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳಿಗೆ ಸೀಮಿತವಾಗಿದೆ: ಮಗು ಏನನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು. ಪ್ರಸ್ತುತ ಲೇಖನವು ಮೂರನೆಯದೊಂದು ಪ್ರಶ್ನೆಯನ್ನು ಎತ್ತುತ್ತದೆ: ನೋಡಿದ್ದನ್ನು ಮಗು ಯಾರಿಗೆ, ಯಾವ ನುಡಿಯಲ್ಲಿ ಹೇಳುತ್ತದೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಭಾಷಿಕ ಸನ್ನಿವೇಶವನ್ನು ಮುಂದಿಟ್ಟುಕೊಂಡು, ಪರದೆಯ ಕನ್ನಡಕ್ಕೂ ಮನೆಯ ನುಡಿಗೂ ಇರುವ ಅಂತರವು ಕಲಿಕೆಗೆ ಅಡ್ಡಿಯಲ್ಲ, ಅದೇ ಕಲಿಕೆ ನಡೆಯುವ ಜಾಗ ಎಂದು ನಾವು ವಾದಿಸುತ್ತೇವೆ. ಕಾರ್ಯಕ್ರಮವನ್ನು ನೋಡದ, ಅದರ ಕನ್ನಡವನ್ನು ಪೂರ್ತಿ ಬಲ್ಲವರಲ್ಲದ ಹಿರಿಯರು ಮಗುವಿನ ಭಾಷಾಬೆಳವಣಿಗೆಗೆ ಉತ್ತಮ ಕೇಳುಗರಾಗಬಲ್ಲರು. ಈ ಮಾತಿನ ಭಾಷಿಕ ಆಧಾರಗಳನ್ನು ಸೂಚಕಪದಗಳ ಬಳಕೆ, ಉದ್ಧರಣವಾಕ್ಯ, 'ಅಂತೆ' ಪ್ರತ್ಯಯ ಮತ್ತು ಪದಜೋಡಿಗಳ ನೆಲೆಯಲ್ಲಿ ವಿವರಿಸಲಾಗಿದೆ.

ಪ್ರಮುಖ ಪದಗಳು: ಮರುನಿರೂಪಣೆ, ಪರದೆಯ ಕನ್ನಡ, ಆಡುನುಡಿ, ಕೇಳಿಕೆಸೂಚಕ, ಲಂಬಾಣಿ, ಮನೆಯ ಕಲಿಕೆ

1. ಪ್ರಸ್ತಾವನೆ

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ, ಅದುವರೆಗೆ ಮನರಂಜನೆಯ ವಸ್ತುವೆನಿಸಿದ್ದ ಟಿ.ವಿ.ಯು ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಪಾಠದ ವಸ್ತುವಾಯಿತು. ಅದೇ ವರ್ಷದ ಜುಲೈಯಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಪಾಠಗಳು ಪ್ರಸಾರಗೊಂಡವು. 'ಸಂವೇದ' ಎಂಬ ಹೆಸರಿನಲ್ಲಿ ಮುಂದುವರಿದ ಈ ಕ್ರಮ 2021ರಲ್ಲಿ ಕೆಳಗಿನ ತರಗತಿಗಳಿಗೂ ವಿಸ್ತರಿಸಿತು. ಶಾಲೆಗಳು ತೆರೆದ ಮೇಲೆ ಆ ಪಾಠಗಳ ತುರ್ತು ಕಡಿಮೆಯಾಯಿತು. ಆದರೆ ಟಿ.ವಿ.ಯ ಎದುರು ಕುಳಿತ ಮಗುವಿಗೆ ಮನೆಯ ಹಿರಿಯರು ಏನು ಮಾಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ 'ಜೊತೆಯಲ್ಲಿ ಕುಳಿತು ನೋಡಿರಿ, ನೋಡುತ್ತ ವಿವರಿಸಿರಿ' ಎಂಬುದು. ಉತ್ತರ ತಪ್ಪಲ್ಲ. ಆದರೆ ಅದು ಎರಡು ಸಂಗತಿಗಳನ್ನು ಮೊದಲೇ ಹಿಡಿದುಕೊಂಡು ಹೊರಡುತ್ತದೆ: ಹಿರಿಯರಿಗೆ ಪುರುಸೊತ್ತಿದೆ ಎಂಬುದು ಒಂದು, ಪರದೆಯ ಮೇಲಿನ ಭಾಷೆ ಅವರ ಹಿಡಿತದಲ್ಲಿದೆ ಎಂಬುದು ಇನ್ನೊಂದು. ಚನ್ನಗಿರಿಯಲ್ಲಿ ಅಡಿಕೆ ಸುಗ್ಗಿಯ ದಿನಗಳಲ್ಲಿ ಸುಲಿಯುವ ಕೆಲಸಕ್ಕೆ ಹೋಗುವ ತಾಯಿಗೆ, ಜಗಳೂರಿನ ಬೆದ್ದಲು ಹೊಲದಿಂದ ಸಂಜೆ ಮರಳಿ ಒಲೆ ಹಚ್ಚುವ ಅಜ್ಜಿಗೆ, ನ್ಯಾಮತಿಯ ತಾಂಡಾದಲ್ಲಿ ಲಂಬಾಣಿ ಮಾತಾಡುವ ತಂದೆಗೆ ಈ ಎರಡೂ ಒಟ್ಟಿಗೆ ಇರುವುದು ಅಪರೂಪ. ಹೀಗಾಗಿ ಆ ಸಲಹೆಯು ಇಂಥ ಮನೆಗಳ ಹಿರಿಯರಿಗೆ ಪರೋಕ್ಷವಾಗಿ ತಲುಪಿಸುವ ಸಂದೇಶ ಬೇರೆಯೇ ಆಗಿಬಿಡುತ್ತದೆ: ನಿಮ್ಮಿಂದ ಇದು ಆಗದು, ಮಗುವನ್ನು ಪರದೆಗೇ ಬಿಟ್ಟುಬಿಡಿ.

ಭಾಷಾವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ಸಂದೇಶಕ್ಕೆ ಆಧಾರವಿಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಇಲ್ಲಿ 'ಟಿ.ವಿ.' ಎಂಬ ಪದವನ್ನು ಮಾಧ್ಯಮಕ್ಕೂ ಉಪಕರಣಕ್ಕೂ, 'ದೂರದರ್ಶನ' ಎಂಬುದನ್ನು ಸಂಸ್ಥೆಯ ಹೆಸರಾಗಿಯೂ ಬಳಸಿದ್ದೇವೆ. ಸಂಭಾಷಣೆಯ ಮಾದರಿಗಳು ವಿವರಣೆಗಾಗಿ ನಾವು ರಚಿಸಿಕೊಂಡವು, ಕ್ಷೇತ್ರಕಾರ್ಯದ ದಾಖಲೆಗಳಲ್ಲ.

2. ಕನ್ನಡ ಪರದೆಯ ಹಿನ್ನೆಲೆ

ಕನ್ನಡ ಮಕ್ಕಳ ಕಲಿಕೆಗೆ ಟಿ.ವಿ.ಯನ್ನು ಬಳಸುವ ಯೋಚನೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ 'ಸೈಟ್' ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಿಂದ ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳು ಪ್ರಸಾರವಾಗುತ್ತಿದ್ದವು. ಆಗ ಟಿ.ವಿ. ಮನೆಯದಾಗಿರಲಿಲ್ಲ, ಊರಿನದಾಗಿತ್ತು. ನೋಡುವುದೂ ನೋಡಿದ್ದರ ಬಗ್ಗೆ ಮಾತಾಡುವುದೂ ಗುಂಪಿನಲ್ಲಿಯೇ ನಡೆಯುತ್ತಿದ್ದವು.

ಟಿ.ವಿ. ಮನೆಯೊಳಗೆ ಬಂದ ಮೇಲೆ ಸನ್ನಿವೇಶ ಬದಲಾಯಿತು. ಚಂದನದಲ್ಲಿ 2002ರಿಂದ ಪ್ರಸಾರವಾಗುತ್ತ ಬಂದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ 'ಥಟ್ ಅಂತ ಹೇಳಿ' ರಸಪ್ರಶ್ನೆ ಕಾರ್ಯಕ್ರಮ ಭಾಷಿಕವಾಗಿ ಗಮನಾರ್ಹವಾದುದು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಲ್ಲೊಂದು ಬಿಡುವು ಇದೆ. ಮನೆಯಲ್ಲಿ ಕುಳಿತವರು ಸ್ಪರ್ಧಿಗಿಂತ ಮೊದಲೇ ಉತ್ತರ ಕೂಗುವುದು ಆ ಬಿಡುವಿನಲ್ಲಿಯೇ. ಸರಿಯುತ್ತರಕ್ಕೆ ಪುಸ್ತಕ ಬಹುಮಾನ ಎಂಬ ಕ್ರಮವು ಪರದೆಯನ್ನು ಓದಿಗೆ ಜೋಡಿಸಿತು. 2009ರಲ್ಲಿ ಆರಂಭವಾದ ಚಿಂಟು ಟಿ.ವಿ. ಕನ್ನಡಕ್ಕೆ ಡಬ್ ಆದ ವ್ಯಂಗ್ಯಚಿತ್ರಗಳನ್ನು ಮಕ್ಕಳಿಗೆ ದಿನವಿಡೀ ಒದಗಿಸಿತು. ಹಿರಿಯರ ಕಾರ್ಯಕ್ರಮಗಳ ಮಟ್ಟಿಗೆ ಡಬ್ಬಿಂಗ್‌ಗೆ ದಶಕಗಳಿಂದ ಇದ್ದ ವಿರೋಧವು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ನೀಡಿದ ಆದೇಶದ ನಂತರ ಸಡಿಲಗೊಂಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಡಬ್ ಆದ ಧಾರಾವಾಹಿಗಳು ಕನ್ನಡ ವಾಹಿನಿಗಳನ್ನು ತುಂಬಿದವು. ಜೀ ಕನ್ನಡದಲ್ಲಿ ಪ್ರಸಾರವಾದ, ಅಂಬೇಡ್ಕರ್ ಅವರ ಬದುಕನ್ನು ಕುರಿತ 'ಮಹಾನಾಯಕ' ಧಾರಾವಾಹಿಯನ್ನು ಸ್ವಾಗತಿಸಿ ರಾಜ್ಯದ ಹಲವು ಹಳ್ಳಿಗಳಲ್ಲಿ ಜನರೇ ಫ್ಲೆಕ್ಸ್ ಕಟ್ಟಿದರು. ಮನೆಮಂದಿಯೆಲ್ಲ ಕುಳಿತು ನೋಡಿ, ಮರುದಿನ ಊರಿನಲ್ಲಿ ಮಾತಾಡಿಕೊಳ್ಳುವ ಕಥನವಾಗಿ ಅದು ಬೆಳೆಯಿತು.

ಇದೇ ಕಾಲದ ಇನ್ನೊಂದು ಅನುಭವವನ್ನು ಇಲ್ಲಿ ನೆನೆಯಬೇಕು. 2020ರ ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ' ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿರುವ ಬೀದಿ, ಓಣಿಗಳಿಗೇ ಹೋಗಿ ಸಣ್ಣ ಗುಂಪುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪ್ರಸಾರದ ಪಾಠ ಇದ್ದಾಗಲೂ ಮಗುವಿನ ಎದುರು ಒಬ್ಬ ವ್ಯಕ್ತಿ ಇರಬೇಕೆಂಬ ಅರಿವು ಆ ಯೋಜನೆಯ ಹಿಂದಿತ್ತು. ಈ ಅರಿವಿಗೆ ಭಾಷಾಕಲಿಕೆಯ ಸಂಶೋಧನೆಯಲ್ಲಿ ಏನು ಆಧಾರವಿದೆ ಎಂಬುದನ್ನು ಮುಂದೆ ನೋಡೋಣ.

3. ಪರದೆಯಿಂದ ಮಗು ಏನನ್ನು ಪಡೆಯುತ್ತದೆ?

ಟಿ.ವಿ. ಒಂದರಿಂದಲೇ ಮಗು ಮಾತು ಕಲಿಯಬಲ್ಲದೇ? ಈ ಪ್ರಶ್ನೆಗೆ ಜಾಕ್ವೆಲಿನ್ ಸ್ಯಾಕ್ಸ್ ಮತ್ತು ಸಹಲೇಖಕರು 1981ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಮೂಲಭೂತವಾದ ಉತ್ತರ ನೀಡುತ್ತದೆ. ಕಿವುಡ ತಂದೆತಾಯಿಯರಿಗೆ ಹುಟ್ಟಿದ, ಕೇಳುವ ಶಕ್ತಿಯಿದ್ದ ಒಬ್ಬ ಬಾಲಕನಿಗೆ ಆಡುಮಾತಿನ ಮುಖ್ಯ ಆಕರ ಟಿ.ವಿ.ಯೇ ಆಗಿತ್ತು. ಅವನಲ್ಲಿ ಪದಗಳಿದ್ದವು; ಆದರೆ ವಾಕ್ಯರಚನೆ ವಯಸ್ಸಿಗಿಂತ ಬಹಳ ಹಿಂದುಳಿದಿತ್ತು, ಕೆಲವೆಡೆ ವಿಲಕ್ಷಣವೂ ಆಗಿತ್ತು. ಹಿರಿಯರೊಡನೆ ಮಾತುಕತೆ ದೊರೆತ ಮೇಲೆ ಅವನ ಭಾಷೆ ಚೇತರಿಸಿಕೊಂಡಿತು. 2003ರಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಮ್ಯಾಂಡರಿನ್ ಕೇಳಿಸಿದಾಗ, ಎದುರಿಗೆ ಕುಳಿತು ಮಾತಾಡಿದವರಿಂದ ಶಿಶುಗಳು ಧ್ವನಿಭೇದಗಳನ್ನು ಹಿಡಿದವು. ಅದೇ ವ್ಯಕ್ತಿಗಳ ಧ್ವನಿಮುದ್ರಿತ ಪರದೆಯಿಂದ ಹಿಡಿಯಲಿಲ್ಲ.

ವಯಸ್ಸು ಏರಿದಂತೆ ಚಿತ್ರ ಬದಲಾಗುತ್ತದೆ. ಸಾರಾ ರೋಸ್‌ಬೆರಿ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಮೂರು ವರ್ಷ ದಾಟಿದ ಮಕ್ಕಳು ವಿಡಿಯೋದಿಂದಲೇ ಹೊಸ ಕ್ರಿಯಾಪದಗಳನ್ನು ಕಲಿತರು. ಅದಕ್ಕಿಂತ ಚಿಕ್ಕವರಿಗೆ ಎದುರಿಗಿದ್ದ ವ್ಯಕ್ತಿಯ ಬೆಂಬಲ ಬೇಕಾಯಿತು. ಕಾರ್ಯಕ್ರಮದ ಸ್ವರೂಪವೂ ಮುಖ್ಯ. ಲೈನ್‌ಬಾರ್ಗರ್ ಮತ್ತು ವಾಕರ್ 2005ರಲ್ಲಿ ವರದಿ ಮಾಡಿದಂತೆ, ಕಥನದ ಎಳೆಯಿರುವ ಮತ್ತು ಮಗುವನ್ನು ಮಾತಿಗೆಳೆಯುವ ಕೆಲವು ಕಾರ್ಯಕ್ರಮಗಳನ್ನು ನೋಡಿದ ಮಕ್ಕಳ ಪದಸಂಪತ್ತು ಹೆಚ್ಚಿತ್ತು. ಬೇರೆ ಕೆಲವನ್ನು ನೋಡಿದವರದು ಕಡಿಮೆಯಿತ್ತು. ಇದು ಸಹಸಂಬಂಧವೇ ಹೊರತು ಕಾರಣದ ಸಾಬೀತಲ್ಲ ಎಂಬ ಎಚ್ಚರ ಅಗತ್ಯ. ಸ್ಟ್ರೌಸ್ ಮತ್ತು ಸಂಗಡಿಗರ 2013ರ ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಥೆಯ ವಿಡಿಯೋವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ತರಬೇತಿ ಪಡೆದ ಪೋಷಕರ ಮೂರು ವರ್ಷದ ಮಕ್ಕಳು ಕಥೆಯನ್ನೂ ಅದರ ಪದಗಳನ್ನೂ ಇತರರಿಗಿಂತ ಚೆನ್ನಾಗಿ ಗ್ರಹಿಸಿದ್ದರು.

ಇದರ ಇನ್ನೊಂದು ಮುಖವೂ ಉಂಟು. ಯಾರೂ ನೋಡದೆ ಸುಮ್ಮನೆ ಓಡುತ್ತಿರುವ ಟಿ.ವಿ. ಮನೆಯ ಮಾತನ್ನೇ ನುಂಗುತ್ತದೆ. ಕ್ರಿಸ್ಟಾಕಿಸ್ ಮತ್ತು ಸಂಗಡಿಗರು 2009ರಲ್ಲಿ ಚಿಕ್ಕ ಮಕ್ಕಳ ಮನೆಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಟಿ.ವಿ. ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗು ಹಿರಿಯರಿಂದ ಕೇಳುವ ಪದಗಳಲ್ಲಿ ಸುಮಾರು 770ರಷ್ಟು ಇಳಿಕೆ ಇರುವುದನ್ನು ಗುರುತಿಸಿದರು.

ಈ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪರದೆ ಮಗುವಿಗೆ ಸಾಮಗ್ರಿಯನ್ನು ಕೊಡಬಲ್ಲದು. ಮಗುವಿನ ಮಾತಿಗೆ ಮರುಮಾತನ್ನು ಕೊಡಲಾರದು. ಭಾಷೆ ಕಟ್ಟಿಕೊಳ್ಳುವುದು ಮರುಮಾತಿನಲ್ಲಿ. ಆದರೆ ಇವೆಲ್ಲವೂ ಮನೆಯ ಭಾಷೆ ಮತ್ತು ಪರದೆಯ ಭಾಷೆ ಸರಿಸುಮಾರು ಒಂದೇ ಆಗಿರುವ, ಹಿರಿಯರು ಜೊತೆಯಲ್ಲಿ ಕುಳಿತು ನೋಡಬಲ್ಲ ಸಮಾಜಗಳಲ್ಲಿ ನಡೆದವು. ಆ ಎರಡೂ ಷರತ್ತುಗಳಿಲ್ಲದ ಕಡೆ ಏನಾಗುತ್ತದೆ?

4. ನಾಲ್ಕು ತಾಲ್ಲೂಕುಗಳ ನುಡಿ, ಪರದೆಯ ನುಡಿ

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಭದ್ರಾ ನಾಲೆಯ ನೀರು ಕಂಡ ಅಡಿಕೆ, ಭತ್ತದ ಸೀಮೆಯೂ ಮಳೆಯನ್ನೇ ನಂಬಿದ ಜಗಳೂರಿನ ಬಯಲೂ ಒಂದೇ ಜಿಲ್ಲೆಯ ಹೆಸರಿನಡಿ ಬಂದವು. ಭಾಷಿಕವಾಗಿ ಇದು ತೆಂಕಣ ಮತ್ತು ಬಡಗಣ ಕನ್ನಡಗಳು ಒಂದರೊಳಗೊಂದು ಬೆರೆಯುವ ವಲಯ. 'ಐತೆ', 'ಐತಿ' ಎರಡೂ ಇಲ್ಲಿ ಕಿವಿಗೆ ಬೀಳುತ್ತವೆ. 'ಬರಲ್ಲ' ಎನ್ನುವವರ ಪಕ್ಕದಲ್ಲೇ 'ಬರಂಗಿಲ್ಲ' ಎನ್ನುವವರಿದ್ದಾರೆ. 'ಮರದಲ್ಲಿ' ಎಂಬುದು 'ಮರದಾಗೆ' ಆಗುತ್ತದೆ. ಇದರ ಜೊತೆಗೆ ಹಲವು ಮನೆಗಳಲ್ಲಿ ಲಂಬಾಣಿ, ಉರ್ದು ಮೊದಲಾದ ಮನೆಮಾತುಗಳಿವೆ.

ಪರದೆಯ ಕನ್ನಡವೂ ಒಂದೇ ಅಲ್ಲ. ಕನಿಷ್ಠ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಪಾಠದ ಮತ್ತು ವಾರ್ತೆಯ ಕನ್ನಡ: ಬರಹಕ್ಕೆ ಹತ್ತಿರವಾದ, ಪೂರ್ಣ ವಿಭಕ್ತಿಗಳ ಶಿಷ್ಟ ರೂಪ. ಎರಡನೆಯದು ಧಾರಾವಾಹಿಗಳ ಬೆಂಗಳೂರು–ಮೈಸೂರು ಸೀಮೆಯ ಆಡುಗನ್ನಡ. ಮೂರನೆಯದು ಡಬ್ಬಿಂಗ್ ಕನ್ನಡ. ತುಟಿಯ ಚಲನೆಗೆ ಮಾತಿನ ಉದ್ದವನ್ನು ಹೊಂದಿಸಬೇಕಾದ ಒತ್ತಡ ಇದರ ಮೇಲಿರುತ್ತದೆ. ಕ್ರಿಯಾಪದದಲ್ಲಿಯೇ ಪುರುಷ–ವಚನ ತಿಳಿಯುವುದರಿಂದ ಕನ್ನಡ ಸಹಜವಾಗಿ ಕೈಬಿಡುವ 'ನಾನು', 'ನೀನು'ಗಳು ಇದರಲ್ಲಿ ಉಳಿದುಕೊಳ್ಳುವ ಪ್ರವೃತ್ತಿ ಇದೆ. ಪೌರಾಣಿಕ ಕಥನಗಳಲ್ಲಿ ಸಂಸ್ಕೃತ ಪದಗಳ ಪ್ರಮಾಣವೂ ಏರುತ್ತದೆ. 'ನಾನು ನಿನ್ನನ್ನು ಎಂದಿಗೂ ಕ್ಷಮಿಸುವುದಿಲ್ಲ' ಎಂಬ ಮಾತು ಹೊನ್ನಾಳಿಯ ಯಾವ ಅಡುಗೆಮನೆಯಲ್ಲಿಯೂ ಆ ರೂಪದಲ್ಲಿ ಹುಟ್ಟುವುದಿಲ್ಲ. ಆದರೂ ಐದು ವರ್ಷದ ಮಗು ಅದನ್ನು ಅಭಿನಯದ ಸಮೇತ ಒಪ್ಪಿಸಬಲ್ಲದು.

ಕನ್ನಡದ ಬರಹ ಮತ್ತು ಆಡುನುಡಿಗಳ ನಡುವಿನ ದ್ವಿಸ್ತರ ಸ್ಥಿತಿಯನ್ನು ಹಾ.ಮಾ. ನಾಯಕರು 1967ರಷ್ಟು ಹಿಂದೆಯೇ ವಿವರಿಸಿದ್ದರು. ಟಿ.ವಿ. ಈ ಸ್ಥಿತಿಗೆ ಸೇರಿಸಿದ ಹೊಸ ಅಂಶವೆಂದರೆ, ಶಾಲೆಗೆ ಹೋಗುವ ಮೊದಲೇ ಮಗುವಿನ ಕಿವಿಗೆ ಮೇಲಿನ ಸ್ತರದ ಪರಿಚಯವಾಗುವುದು. ಇದು ನಿಜವಾದ ಲಾಭ. ಶಾಲೆಯ ಕನ್ನಡ ಅಂಥ ಮಗುವಿಗೆ ಪೂರ್ತಿ ಹೊಸದಾಗಿರುವುದಿಲ್ಲ. ಆದರೆ ಲಾಭದ ಜೊತೆಗೆ ಒಂದು ಅಪಾಯವೂ ಬರುತ್ತದೆ. ಪರದೆಯದು 'ಸರಿಯಾದ ಕನ್ನಡ', ನಮ್ಮದು 'ಹಳ್ಳಿ ಮಾತು' ಎಂಬ ತೀರ್ಮಾನವನ್ನು ಹಿರಿಯರು ಮಾಡಿಕೊಂಡು ಮಗುವಿನ ಮುಂದೆ ಮಾತು ಕಡಿಮೆ ಮಾಡಿದರೆ, ಅಥವಾ 'ಹಕ್ಕಿ'ಯನ್ನು 'ಅಕ್ಕಿ' ಎಂದ ಮಗುವನ್ನು ಕಥೆಯ ನಡುವೆಯೇ ತಡೆದು ತಿದ್ದಿದರೆ, ಮಗು ಕಳೆದುಕೊಳ್ಳುವುದು ಒಂದು ಉಚ್ಚಾರಣೆಯನ್ನಲ್ಲ. ತನ್ನ ಮಾತಿನ ಕೇಳುಗರನ್ನು.

5. ಮರುನಿರೂಪಣೆಯ ವ್ಯಾಕರಣ

ನೋಡಿದ್ದನ್ನು ನೋಡದವರಿಗೆ ಹೇಳುವುದು ಮಗುವಿಗೆ ಸುಲಭದ ಕೆಲಸವಲ್ಲ. ಪರದೆಯ ಮೇಲೆ ಚಿತ್ರ, ಸಂಗೀತ, ಮುಖಭಾವಗಳು ಹೊತ್ತುಕೊಂಡಿದ್ದ ಅರ್ಥವನ್ನೆಲ್ಲ ಈಗ ಭಾಷೆಯೊಂದೇ ಹೊರಬೇಕು. ಸನ್ನಿವೇಶದ ಆಸರೆಯಿಲ್ಲದ ಇಂಥ ಭಾಷಾಬಳಕೆಯ ಅಭ್ಯಾಸವು ಮುಂದಿನ ಓದುಬರಹಕ್ಕೆ ಹೇಗೆ ಅಡಿಪಾಯವಾಗುತ್ತದೆ ಎಂಬುದನ್ನು ಕ್ಯಾಥರೀನ್ ಸ್ನೋ ಮೊದಲಾದವರು ದೀರ್ಘಕಾಲ ವಿವರಿಸಿದ್ದಾರೆ. ಪಂಚತಂತ್ರದ ಕೋತಿ–ಮೊಸಳೆ ಕಥೆಯ ವ್ಯಂಗ್ಯಚಿತ್ರವೊಂದನ್ನು ನೋಡಿದ ಆರು ವರ್ಷದ ಮಗು, ಶೇಂಗಾ ಬಿಡಿಸುತ್ತಿರುವ ಅಜ್ಜಿಗೆ ಅದನ್ನು ಹೇಳುತ್ತಿದೆ ಎಂದು ಊಹಿಸಿಕೊಳ್ಳೋಣ.

ಮಗು: ಅವ್ನು ಮರದಾಗೆ ಇದ್ದ. ಇವ್ನು ಬಾ ಅಂದ. ಆಮೇಲೆ ನೀರಾಗೆ ಹೋದ್ರು.
ಅಜ್ಜಿ: ಯಾರು ಮರದಾಗೆ ಇದ್ದಿದ್ದು? ಯಾರು ಬಾ ಅಂದಿದ್ದು?
ಮಗು: ಕೋತಿ ಇತ್ತು. ಮೊಸಳೆ ಬಾ ಅಂತು.
ಅಜ್ಜಿ: ಕೋತಿ ನೀರಿಗ್ಯಾಕೆ ಹೋತು? ಹೆದ್ರಿಕೆ ಆಗ್ಲಿಲ್ವ ಅದಕ್ಕೆ?
ಮಗು: ಮೊಸಳೆ, ನಮ್ಮನೆಗೆ ಬಾ, ಊಟ ಕೊಡ್ತೀನಿ ಅಂತ ಸುಳ್ಳು ಹೇಳ್ತು. ಅದ್ಕೇ ಹೋತು. ಅದಕ್ಕೆ ಕೋತಿ ಹೃದಯ ಬೇಕಿತ್ತು.
ಅಜ್ಜಿ: ಹೃದಯ ಅಂದ್ರೇನು?
ಮಗು: ಇಲ್ಲಿ ಇರ್ತೈತಲ್ಲ, ಡಬ್ ಡಬ್ ಅನ್ನೋದು.
ಅಜ್ಜಿ: ಓ, ಗುಂಡ್ಗೆ ಅನ್ನು.

ಈ ಎಂಟು ಸರದಿಗಳಲ್ಲಿ ನಡೆದಿರುವ ಭಾಷಿಕ ಕೆಲಸವನ್ನು ಬಿಡಿಸಿ ನೋಡಬಹುದು.

ಮೊದಲನೆಯದು ಸೂಚಕಪದಗಳದು. 'ಅವ್ನು', 'ಇವ್ನು' ಎಂಬ ಸರ್ವನಾಮಗಳಿಂದ ಆರಂಭಿಸಿದ ಮಗುವಿಗೆ ಪಾತ್ರಗಳು ಕಣ್ಣ ಮುಂದಿವೆ, ಅಜ್ಜಿಗಿಲ್ಲ. 'ಯಾರು?' ಎಂಬ ಪ್ರಶ್ನೆ ಮಗುವನ್ನು ಸರ್ವನಾಮದಿಂದ ನಾಮಪದಕ್ಕೆ ಒಯ್ಯುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಮನುಷ್ಯರಂತೆ ಮಾತಾಡುವ ಪಾತ್ರಗಳನ್ನು ಪುಲ್ಲಿಂಗದಲ್ಲಿ ಹೇಳುತ್ತಿದ್ದ ಮಗು, 'ಕೋತಿ' ಎಂಬ ಹೆಸರು ಬಂದೊಡನೆ 'ಇತ್ತು', 'ಅಂತು' ಎಂದು ನಪುಂಸಕಕ್ಕೆ ಹೊರಳಿತು. ಜೊತೆಯಲ್ಲಿ ಕುಳಿತು ನೋಡಿದವರು 'ಯಾರು?' ಎಂದು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡನೆಯದು ಕಾರ್ಯಕಾರಣದ ಜೋಡಣೆ. 'ಆಮೇಲೆ' ಎಂಬುದು ಘಟನೆಗಳನ್ನು ಸಾಲಾಗಿ ನಿಲ್ಲಿಸುತ್ತದೆ; 'ಅದ್ಕೇ' ಎಂಬುದು ಒಂದಕ್ಕೊಂದು ಕಟ್ಟುತ್ತದೆ. ಈ ಜಿಗಿತಕ್ಕೆ ಕಾರಣವಾದದ್ದು ಅಜ್ಜಿಯ 'ಯಾಕೆ'.

ಮೂರನೆಯದು ಉದ್ಧರಣ. ಮೊಸಳೆಯ ಮಾತನ್ನು ಮಗು 'ಅಂತ' ಎಂಬುದರೊಳಗೆ ಅಡಕಮಾಡಿ, ಅದರ ಮೇಲೆ 'ಸುಳ್ಳು ಹೇಳ್ತು' ಎಂಬ ತನ್ನ ತೀರ್ಪನ್ನು ಹೊರಿಸಿದೆ. ಒಳಗಿನ 'ನಮ್ಮನೆ' ಮಗುವಿನ ಮನೆಯಲ್ಲ, ಮೊಸಳೆಯದು. ಹೇಳುವವರ ದೃಷ್ಟಿಯನ್ನೂ ಪಾತ್ರದ ದೃಷ್ಟಿಯನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಡುವ ಈ ರಚನೆ ಪರದೆಯ ಮೇಲೆ ಇರುವುದಿಲ್ಲ. ಅಲ್ಲಿ ಮೊಸಳೆ ನೇರವಾಗಿಯೇ ಮಾತಾಡುತ್ತದೆ. ಮಗು ಇದನ್ನು ಹೇಳುವ ಕ್ರಿಯೆಯಲ್ಲಿ ಮಾತ್ರ ಕಟ್ಟಬೇಕು.

ನಾಲ್ಕನೆಯದು ಪದಜೋಡಿ. ಪರದೆ ಕೊಟ್ಟ 'ಹೃದಯ'ಕ್ಕೆ ಅಜ್ಜಿ 'ಗುಂಡ್ಗೆ'ಯನ್ನು ಸೇರಿಸಿದಳು. ಅದಕ್ಕೂ ಮೊದಲು ಮಗು ಆ ಪದಕ್ಕೆ ತನ್ನದೇ ಒಂದು ವ್ಯಾಖ್ಯೆ ಕೊಟ್ಟಿತು. ಪದದ ಅರ್ಥವನ್ನು ಬೇರೆ ಪದಗಳಲ್ಲಿ ಬಿಡಿಸಿ ಹೇಳುವುದು ಶಾಲೆ ಬಹುವಾಗಿ ನಿರೀಕ್ಷಿಸುವ ಕೌಶಲ. ಅಜ್ಜಿ ಕೇಳಿದ್ದು ಪರೀಕ್ಷೆಯ ಪ್ರಶ್ನೆಯಲ್ಲ ಎಂಬುದೂ ಮುಖ್ಯ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಎಲ್ಲ ಸಮುದಾಯಗಳ ಮಕ್ಕಳಿಗೂ ಸಹಜವಲ್ಲವೆಂದು ಷರ್ಲಿ ಬ್ರೈಸ್ ಹೀತ್ 1983ರಲ್ಲಿಯೇ ತೋರಿಸಿದ್ದರು. ಇಲ್ಲಿ ತಿಳಿದವಳು ಮಗು, ತಿಳಿಯಬೇಕಾದವಳು ಅಜ್ಜಿ.

ಐದನೆಯದಾಗಿ, ಈ ಮಾದರಿಯಲ್ಲಿ ಕಾಣಿಸದ, ಆದರೆ ಸಂಶೋಧಕರಿಗೆ ತುಂಬ ಕುತೂಹಲಕರವಾದ 'ಅಂತೆ'. ಕನ್ನಡದ ಈ ಕೇಳಿಕೆಸೂಚಕ ಪ್ರತ್ಯಯವು ತಾನು ಕಾಣದೆ ಪರರಿಂದ ತಿಳಿದದ್ದನ್ನು ಗುರುತಿಸುತ್ತದೆ. ಜನಪದ ಕಥನದ ಆರಂಭಕ್ಕೂ ಅದೇ ಗುರುತು: 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ'. ಟಿ.ವಿ.ಯ ಕಥೆ ಈ ವ್ಯವಸ್ಥೆಗೆ ಒಂದು ಒಗಟನ್ನು ಒಡ್ಡುತ್ತದೆ. ಮಗು ಅದನ್ನು ಕಣ್ಣಾರೆ ಕಂಡಿದೆ, ಆದ್ದರಿಂದ 'ಕೋತಿ ಹೋತು'. ಆದರೆ ಅದು ಕಥೆ, ಆದ್ದರಿಂದ 'ಕೋತಿ ಹೋತಂತೆ'. ಯಾವ ವಯಸ್ಸಿನಲ್ಲಿ, ಯಾವ ಬಗೆಯ ಕಾರ್ಯಕ್ರಮಕ್ಕೆ ಮಗು ಯಾವುದನ್ನು ಆರಿಸುತ್ತದೆ? ಪಾಠ, ವಾರ್ತೆ, ವ್ಯಂಗ್ಯಚಿತ್ರ, ಪುರಾಣಗಳಲ್ಲಿ ಆಯ್ಕೆ ಬದಲಾಗುತ್ತದೆಯೇ? ಟರ್ಕಿಶ್ ಭಾಷೆಯ ಇಂಥದೇ ಪ್ರತ್ಯಯವನ್ನು ಮಕ್ಕಳು ಕಲಿಯುವ ಬಗೆಯನ್ನು ಅಯ್ಹಾನ್ ಅಕ್ಸು-ಕೋಚ್ 1988ರಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನ್ನಡದ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಮನೆಯಂಗಳದಲ್ಲಿಯೇ ಸಿಗುವ ವಿಷಯ. ಅಜ್ಜಿ ಅದೇ ಕಥೆಯನ್ನು ಪಕ್ಕದ ಮನೆಯವರಿಗೆ ಹೇಳುವಾಗ 'ಅಂತೆ' ತಪ್ಪದೆ ಬರಬೇಕು. ಆ ಮಾತನ್ನು ಕೇಳಿಸಿಕೊಳ್ಳುವ ಮಗುವಿಗೆ ಎರಡು ರೂಪಗಳ ಅಂತರವು ಒಂದೇ ಕಥೆಯ ಮೇಲೆ ಪ್ರಯೋಗವಾಗಿ ದೊರೆಯುತ್ತದೆ.

6. ಲಂಬಾಣಿ ಮನೆಗಳು: ಒಂದು ನುಡಿಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳುವುದು

ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪ ಇಂದಿನ ನ್ಯಾಮತಿ ತಾಲ್ಲೂಕಿನಲ್ಲಿದೆ. ಈ ಭಾಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಅಂದರೆ ಗೋರಮಾಟಿ. ಇದು ರಾಜಸ್ಥಾನಿ ಗುಂಪಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ಇಲ್ಲಿ ಪರದೆಯ ಕನ್ನಡಕ್ಕೂ ಮನೆಯ ನುಡಿಗೂ ಇರುವುದು ಉಪಭಾಷೆಗಳ ಅಂತರವಲ್ಲ, ಭಾಷಾಕುಟುಂಬಗಳ ಅಂತರ.

ಮೇಲುನೋಟಕ್ಕೆ ಇಂಥ ಮನೆಯಲ್ಲಿ ಕನ್ನಡ ಕಾರ್ಯಕ್ರಮದ ಬಗ್ಗೆ ಕನ್ನಡದಲ್ಲಿಯೇ ಮಾತಾಡಬೇಕು ಎನ್ನಿಸಬಹುದು. ನಮ್ಮ ನಿಲುವು ಬೇರೆ. ಮಗು ಕನ್ನಡದಲ್ಲಿ ನೋಡಿದ್ದನ್ನು ಯಾಡಿಗೆ, ಎಂದರೆ ತಾಯಿಗೆ, ಲಂಬಾಣಿಯಲ್ಲಿ ಹೇಳುವುದು ಕನ್ನಡದ ಕಲಿಕೆಗೂ ನೆರವಾಗುತ್ತದೆ. ಕಾರಣ, ಮಾತನ್ನು ಹಾಗೆಯೇ ಒಪ್ಪಿಸುವ ದಾರಿ ಇಲ್ಲಿ ಮುಚ್ಚಿರುತ್ತದೆ. ಕನ್ನಡ ಕಾರ್ಯಕ್ರಮದ ಕಥೆಯನ್ನು ಕನ್ನಡದಲ್ಲಿ ಹೇಳುವಾಗ ಮಗು ಅರ್ಥವಾಗದ ಸಾಲುಗಳನ್ನೂ ಗಿಳಿಪಾಠದಂತೆ ದಾಟಿಸಿಬಿಡಬಹುದು. ಲಂಬಾಣಿಗೆ ತರಬೇಕಾದರೆ ಅರ್ಥ ಆಗಿರಲೇಬೇಕು. ಕನ್ನಡದಲ್ಲಿ 'ಮರ ಬಿತ್ತು', 'ಮಳೆ ಬಂತು' ಎಂಬಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕ. ಲಂಬಾಣಿಯಲ್ಲಿ ಇಂಥ ನಾಮಪದಗಳಿಗೂ ವ್ಯಾಕರಣದ ಲಿಂಗವುಂಟು. ಕ್ರಿಯಾಪದ, ಗುಣವಾಚಕಗಳು ಅದಕ್ಕೆ ಹೊಂದಿಕೊಳ್ಳಬೇಕು. ವಾಕ್ಯವನ್ನು ಬುಡದಿಂದ ಕಟ್ಟದೆ ಇದು ಸಾಧ್ಯವಿಲ್ಲ.

1994ರಲ್ಲಿ ಕೆನ್ ವಿಲಿಯಮ್ಸ್ ವೇಲ್ಸ್‌ನ ಶಾಲೆಗಳಲ್ಲಿ ಗುರುತಿಸಿ ಹೆಸರಿಟ್ಟ ಬೋಧನಾಕ್ರಮವೂ ಇದೇ: ಒಂದು ಭಾಷೆಯಲ್ಲಿ ಓದಿ ಅಥವಾ ಕೇಳಿ, ಇನ್ನೊಂದರಲ್ಲಿ ಹೇಳಿ ಅಥವಾ ಬರೆದು, ವಿಷಯವನ್ನು ಪೂರ್ತಿಯಾಗಿ ತನ್ನದಾಗಿಸಿಕೊಳ್ಳುವುದು. ಅಲ್ಲಿ ತರಗತಿಯಲ್ಲಿ ಯೋಜಿಸಿ ಮಾಡಿದ್ದು ತಾಂಡಾದ ಮನೆಯಲ್ಲಿ ಯೋಜನೆಯಿಲ್ಲದೆಯೇ ನಡೆಯುವ ಅವಕಾಶವಿದೆ. ಕನ್ನಡ ಬಾರದ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ ಆ ಅವಕಾಶ ಇನ್ನೂ ದೊಡ್ಡದು. ಉರ್ದು ಮನೆಮಾತಿನ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

7. ಬಳಕೆಯ ಕ್ರಮ ಮತ್ತು ಮಿತಿಗಳು

ಮೇಲಿನ ವಿವರಣೆಯಿಂದ ಮನೆಯ ಮಟ್ಟದಲ್ಲಿ ಅನುಸರಿಸಬಹುದಾದ ಕೆಲವು ಸರಳ ಸೂತ್ರಗಳು ಹೊರಡುತ್ತವೆ. ಪೋಷಕರ ಸಭೆ, ಅಂಗನವಾಡಿ ಮತ್ತು ಶಿಕ್ಷಕರ ತರಬೇತಿಗಳಲ್ಲಿ ಭಾಷಾವಿಜ್ಞಾನಿಗಳು ಇವನ್ನು ಹಂಚಿಕೊಳ್ಳಬಹುದು.

ಒಂದು, ಆದಿ–ಅಂತ್ಯಗಳಿರುವ ಸಣ್ಣ ಕಥೆಯುಳ್ಳ ಕಾರ್ಯಕ್ರಮವೊಂದನ್ನು ಆರಿಸಿ, ಅದು ಮುಗಿದೊಡನೆ ಟಿ.ವಿ.ಯನ್ನು ಆರಿಸುವುದು. ಹಿನ್ನೆಲೆಯಲ್ಲಿ ಓಡುತ್ತಿರುವ ಟಿ.ವಿ.ಯ ಎದುರು ಮರುನಿರೂಪಣೆ ನಡೆಯದು. ಎರಡು, ಅದನ್ನು ನೋಡದ ಒಬ್ಬರಿಗೆ ಹೇಳಲು ಮಗುವಿಗೆ ಅವಕಾಶ ಕೊಡುವುದು. ಕೇಳುಗರ ಕೈ ಕೆಲಸದಲ್ಲಿದ್ದರೂ ಅಡ್ಡಿಯಿಲ್ಲ. ಅಡಿಕೆ ಸುಲಿಯುವಾಗ, ಶೇಂಗಾ ಬಿಡಿಸುವಾಗ, ರೊಟ್ಟಿ ತಟ್ಟುವಾಗ ಕಿವಿ ಮತ್ತು ಬಾಯಿ ಬಿಡುವಾಗಿಯೇ ಇರುತ್ತವೆ. ಮೂರು, 'ಯಾರು', 'ಯಾಕೆ', 'ಹಂಗಂದ್ರೇನು', 'ಆಮೇಲೇನಾತು' ಎಂಬ ನಾಲ್ಕು ಪ್ರಶ್ನೆಗಳು ಸಾಕು; ಇವು ಕೇಳುಗರ ನಿಜವಾದ ಪ್ರಶ್ನೆಗಳಾಗಿರಬೇಕು. ನಾಲ್ಕು, ಉಚ್ಚಾರಣೆಯನ್ನಾಗಲಿ ರೂಪವನ್ನಾಗಲಿ ಕಥೆಯ ನಡುವೆ ತಿದ್ದಬಾರದು. ಮನೆಯ ಪದವನ್ನು ಪರದೆಯ ಪದದ ಪಕ್ಕಕ್ಕೆ ಇಡಬೇಕೇ ಹೊರತು ಅದರ ಬದಲಿಗಲ್ಲ. ಐದು, ಅದೇ ಕಾರ್ಯಕ್ರಮ ಮತ್ತೆ ಬಂದರೆ ಮತ್ತೆ ನೋಡಲು ಬಿಡಬಹುದು. 'ಬ್ಲೂಸ್ ಕ್ಲೂಸ್' ಎಂಬ ಅಮೆರಿಕನ್ ಕಾರ್ಯಕ್ರಮದ ಒಂದೇ ಕಂತನ್ನು ಐದು ಬಾರಿ ನೋಡಿದ ಮಕ್ಕಳ ಗ್ರಹಿಕೆ ಹೆಚ್ಚಿದುದನ್ನು, ಅವರು ಪರದೆಗೆ ಉತ್ತರಿಸುವುದೂ ಹೆಚ್ಚಿದುದನ್ನು ಕ್ರಾಲಿ ಮತ್ತು ಸಂಗಡಿಗರು 1999ರಲ್ಲಿ ಗುರುತಿಸಿದ್ದಾರೆ.

ಮಿತಿಗಳನ್ನೂ ಹೇಳಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಆ ವಯಸ್ಸಿಗೆ ಪರದೆಯನ್ನು ಶಿಫಾರಸು ಮಾಡುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಮಿತಿ ಹೇಳುತ್ತದೆ. ಮರುನಿರೂಪಣೆ ಓದಿನ ಕಲಿಕೆಗೆ ಪರ್ಯಾಯವಲ್ಲ. ಅಕ್ಷರ, ಲೆಕ್ಕಗಳನ್ನು ಕಲಿಸುವ ಹೊಣೆ ಶಾಲೆಯದೇ. ನಾವು ಮಂಡಿಸಿರುವುದು ಭಾಷಿಕ ರಚನೆಯಿಂದ ಮತ್ತು ಬೇರೆಡೆಯ ಅಧ್ಯಯನಗಳಿಂದ ಹೊರಟ ವಾದ. ಜೊತೆಯಲ್ಲಿ ನೋಡಿದ ಕೇಳುಗರು ಮತ್ತು ನೋಡದ ಕೇಳುಗರು, ಈ ಇಬ್ಬರಿಗೆ ಒಂದೇ ಮಗು ಹೇಳುವ ಕಥೆಗಳನ್ನು ಈ ತಾಲ್ಲೂಕುಗಳ ಮನೆಗಳಲ್ಲಿ ಮುದ್ರಿಸಿಕೊಂಡು, ನಾಮಪದ–ಸರ್ವನಾಮಗಳ ಅನುಪಾತ, 'ಅದಕ್ಕೆ' ಮತ್ತು 'ಆಮೇಲೆ'ಗಳ ಬಳಕೆ, ಉದ್ಧರಣವಾಕ್ಯಗಳ ಆಳ, 'ಅಂತೆ'ಯ ಹಂಚಿಕೆ ಇವುಗಳನ್ನು ಹೋಲಿಸಿದರೆ ವಾದದ ಸತ್ಯಾಸತ್ಯತೆ ತಿಳಿಯುತ್ತದೆ. ಒಂದು ಮೊಬೈಲ್ ಮುದ್ರಕ ಮತ್ತು ಪೋಷಕರ ಒಪ್ಪಿಗೆ ಇದ್ದರೆ ಈ ಅಧ್ಯಯನ ಆರಂಭವಾಗಬಹುದು.

8. ಉಪಸಂಹಾರ

ಮನೆಯ ಕಲಿಕೆಗೆ ಟಿ.ವಿ. ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಪರದೆಯ ಮೇಲಷ್ಟೇ ಉತ್ತರ ಹುಡುಕುವುದು ಸರಿಯಲ್ಲ. ಪರದೆ ಆರಿದ ಮೇಲಿನ ಹತ್ತು ನಿಮಿಷವೂ ಪರಿಶೀಲನೆಗೆ ಒಳಗಾಗಬೇಕು. ಮಧ್ಯ ಕರ್ನಾಟಕದ ಈ ನಾಲ್ಕು ತಾಲ್ಲೂಕುಗಳಂಥ ಕಡೆ ಹಿರಿಯರ ಪುರುಸೊತ್ತಿಲ್ಲದಿರುವಿಕೆಯನ್ನೂ ಅವರ ನುಡಿಯ ಬೇರೆತನವನ್ನೂ ಕೊರತೆಗಳೆಂದು ಎಣಿಸುವುದು ರೂಢಿ. ಕಾರ್ಯಕ್ರಮವನ್ನು ನೋಡದಿರುವುದರಿಂದಲೇ ಅವರು 'ಯಾರು, ಯಾಕೆ' ಎಂದು ಕೇಳಬಲ್ಲರು. ಪರದೆಯ ಪದ ತಿಳಿಯದಿರುವುದರಿಂದಲೇ ಮಗುವಿನಿಂದ ಅರ್ಥವನ್ನು ಹೊರಡಿಸಬಲ್ಲರು. ಅವರಿಗೆ ಟಿ.ವಿ.ಯ ಕನ್ನಡವನ್ನು ಕಲಿಸುವುದಕ್ಕಿಂತ ಮೊದಲು, ಅವರ ಮಾತು ಮಗುವಿನ ಕಲಿಕೆಗೆ ಬೇಕಾದದ್ದು ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸುವುದು ನಮ್ಮ ಶಾಸ್ತ್ರದ ಕರ್ತವ್ಯ.